ಗೂಢಚಾರರ ಬರಿಗೈ ಕಾಳಗ

ವಿರಾಟನ ಅಡಿಗೆಮನೆಯಲ್ಲಿ ವಲಲನೆಂಬ ಹೆಸರಿನಿಂದ ಸೌಟು ಹಿಡಿದಿದ್ದ ಭೀಮಸೇನನು ಒಂದು ರಾತ್ರಿ ನಾಟ್ಯಶಾಲೆಯ ಕತ್ತಲಲ್ಲಿ ಹೋಗಿ ಮಲಗಿದ. ಸೈರಂಧ್ರಿ ತನಗಾಗಿ ಕಾದಿದ್ದಾಳೆಂದು ನಂಬಿ, ಸಿಂಗರಿಸಿಕೊಂಡು ಬಂದ ಕೀಚಕನ ಕೈಗೆ ಸಿಕ್ಕಿದ್ದು ಭೀಮನ ತೋಳು. ಮುಂದೆ ನಡೆದುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗಮಕಿಗಳ ಬಾಯಲ್ಲಿ ಕೇಳಿದ್ದೇವೆ, ಬಯಲಾಟದ ರಂಗದ ಮೇಲೆ ಕಂಡಿದ್ದೇವೆ. ಆದರೆ ಆ ಕಾಳಗಕ್ಕೆ ಹಾಕಿದ್ದ ಕಟ್ಟುಪಾಡುಗಳನ್ನು ಒಮ್ಮೆ ನೆನೆದುಕೊಳ್ಳುವುದು ಒಳ್ಳೆಯದು. ಕೈಯಲ್ಲಿ ಗದೆಯಿಲ್ಲ. ಸ್ಥಳ ನಾಲ್ಕು ಗೋಡೆಗಳ ನಡುವಣದು. ಗದ್ದಲವಾಗಿ ಗುರುತು ಬಯಲಾದರೆ ಅಜ್ಞಾತವಾಸ ಕೆಟ್ಟು ಮತ್ತೆ ಹನ್ನೆರಡು ವರ್ಷ ಕಾಡೇ ಗತಿ. ಗೆದ್ದರೂ ಗೆದ್ದವನು ನಾನೆಂದು ಹೇಳಿಕೊಳ್ಳುವಂತಿಲ್ಲ; ಬೆಳಗಾಗುವುದರೊಳಗೆ ಏನೂ ನಡೆಯಲಿಲ್ಲವೆಂಬಂತೆ ಅಡಿಗೆಮನೆಗೆ ಹಿಂದಿರುಗಬೇಕು.

ಆಯುಧವಿಲ್ಲದ ಕೈ, ಇಕ್ಕಟ್ಟಾದ ಜಾಗ, ಸದ್ದುಮಾಡಬಾರದೆಂಬ ಭಯ, ಮುಗಿದ ಮೇಲೆ ಮತ್ತೆ ವೇಷ: ಈ ನಾಲ್ಕು ಕಟ್ಟುಪಾಡುಗಳೇ ಪಶ್ಚಿಮದ ಗೂಢಚಾರ ಚಲನಚಿತ್ರಗಳ ಕಾಳಗಗಳಿಗೂ ಅನ್ವಯಿಸುತ್ತವೆ. ಅಂಥ ಚಿತ್ರಗಳನ್ನು ನೋಡಿ ಬಂದವರು ಕಥೆಯ ಸಿಕ್ಕುಗಳನ್ನು ಎರಡು ದಿನದಲ್ಲಿ ಮರೆತುಬಿಡುತ್ತಾರೆ. ಯಾವ ದೇಶದ ಯಾವ ರಹಸ್ಯಪತ್ರ, ಯಾರು ಯಾರಿಗೆ ದ್ರೋಹ ಬಗೆದರು ಎಂಬುದು ಚಿತ್ರಮಂದಿರದ ಮೆಟ್ಟಿಲಿಳಿಯುವಾಗಲೇ ಮಸಕಾಗಿರುತ್ತದೆ. ಆದರೆ ರೈಲಿನ ಕೋಣೆಯಲ್ಲಿ ಇಬ್ಬರು ಕೈಕೈ ಹತ್ತಿ ಹೊಡೆದಾಡಿದ್ದು ವರ್ಷಗಳ ಮೇಲೂ ಕಣ್ಣಿಗೆ ಕಟ್ಟಿದಂತಿರುತ್ತದೆ. ಇಂಥ ಕಾಳಗಗಳಲ್ಲಿ ಉತ್ತಮವಾದುವು ಯಾವುವು, ಯಾವುದಕ್ಕೆ ಮೊದಲ ಮಣೆ ಹಾಕಬೇಕು ಎಂಬುದು ರಸಿಕರಲ್ಲಿ ಬಹುದಿನದ ಚರ್ಚೆ. ಅದಕ್ಕೆ ನಮ್ಮದೂ ಒಂದು ಮಾತು ಸೇರಲಿ ಎಂಬುದು ಈ ಬರಹದ ಉದ್ದೇಶ.

ಮೊದಲಿಗೆ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಹೊಡೆದಾಟವು ಗೂಢಚಾರನ ನಿತ್ಯದ ಕಸುಬಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ಒಂದು ದೊಡ್ಡ ಪಟ್ಟಿಯೇ ಇದೆ. ವಿದ್ಯಾರ್ಥಿಯ ವೇಷದವನು, ಸನ್ಯಾಸಿಯ ವೇಷದವನು, ಒಕ್ಕಲಿಗನ ವೇಷದವನು, ವ್ಯಾಪಾರಿಯ ವೇಷದವನು, ಮನೆಮನೆಗೆ ಹೋಗಿಬರುವ ಪರಿವ್ರಾಜಿಕೆ, ಹೀಗೆ ಬಹುಮಂದಿ ಕೇಳುವವರು, ನೋಡುವವರು, ಬಂದು ಹೇಳುವವರು. ಪ್ರಾಣ ತೆಗೆಯುವ ಕೆಲಸಕ್ಕೆ ಗೊತ್ತಾದವರು ಎರಡೇ ಬಗೆ: ವಿಷವಿಕ್ಕುವ ರಸದ, ಕೈಮಾಡುವ ತೀಕ್ಷ್ಣ. ತೀಕ್ಷ್ಣನೆಂದರೆ ತನ್ನ ಜೀವದ ಹಂಗು ತೊರೆದು ಹಣಕ್ಕಾಗಿ ಆನೆಯೊಡನೆಯೂ ದುಷ್ಟಮೃಗದೊಡನೆಯೂ ಸೆಣಸಬಲ್ಲವನು. ಚಲನಚಿತ್ರವು ಉಳಿದವರನ್ನೆಲ್ಲ ಬದಿಗೆ ಸರಿಸಿ ಈ ತೀಕ್ಷ್ಣನೊಬ್ಬನನ್ನೇ ಆರಿಸಿಕೊಂಡಿತು. ಕಾರಣ ಸ್ಪಷ್ಟವಾಗಿಯೇ ಇದೆ. ಗೋಡೆಗೆ ಕಿವಿಗೊಟ್ಟು ನಿಂತವನನ್ನು ಎಷ್ಟು ಹೊತ್ತು ನೋಡಲಾದೀತು?

ತೀಕ್ಷ್ಣರನ್ನು ತರಬೇತುಗೊಳಿಸುವ ಶಾಲೆ ನಮ್ಮ ಕಾಲಕ್ಕೆ ಸಮೀಪದಲ್ಲಿಯೇ ನಡೆದಿತ್ತು. ಎರಡನೆಯ ಮಹಾಯುದ್ಧದಲ್ಲಿ, 1940ರ ಜುಲೈ ತಿಂಗಳಲ್ಲಿ, ಶತ್ರುವಿನ ಹಿಡಿತದಲ್ಲಿದ್ದ ದೇಶಗಳೊಳಗೆ ನುಗ್ಗಿ ಬುಡಮೇಲು ಕೆಲಸ ಮಾಡಲು ಬ್ರಿಟನ್ನು ಎಸ್.ಓ.ಇ. ಎಂಬ ಗುಪ್ತಸಂಸ್ಥೆಯನ್ನು ಕಟ್ಟಿತು. ಅದರ ಶಿಷ್ಯರಿಗೂ ಸೈನ್ಯದ ಕಮಾಂಡೊಗಳಿಗೂ ಬರಿಗೈ ಕಾಳಗವನ್ನು ಹೇಳಿಕೊಟ್ಟವರಲ್ಲಿ ಮುಖ್ಯನಾದವನು ವಿಲಿಯಂ ಫೇರ್‌ಬೇರ್ನ್. 1907ರಲ್ಲಿ ಶಾಂಘೈ ನಗರದ ಪೊಲೀಸು ದಳವನ್ನು ಸೇರಿ, ಮೂವತ್ತು ವರ್ಷಗಳಿಗೂ ಮೀರಿ ಅಲ್ಲಿನ ಗೂಂಡಾಗಳೊಡನೆ ಏಗಿದವನು. ಜಪಾನಿನ ಜುಜುತ್ಸುವನ್ನೂ ಚೀನದ ವರಸೆಗಳನ್ನೂ ಬಲ್ಲವನು. ಈತನ ಪಾಠದ ಸಾರ ಇಷ್ಟೆ: ಬೀದಿಯ ಕಾಳಗದಲ್ಲಿ ನ್ಯಾಯವೂ ಇಲ್ಲ, ಮರ್ಯಾದೆಯೂ ಇಲ್ಲ, ಕೈಗೆ ಸಿಕ್ಕಿದ್ದೇ ಆಯುಧ. ಬೆಂಕಿಪೆಟ್ಟಿಗೆ, ಕೋಲು, ಕುರ್ಚಿ ಇವುಗಳಿಂದ ಜೀವ ಉಳಿಸಿಕೊಳ್ಳುವುದು ಹೇಗೆಂಬುದನ್ನು ಆತನು 1942ರಲ್ಲಿ ಪುಸ್ತಕವಾಗಿಯೂ ಬರೆದ. ಈ ಪಾಠ ಸಿನಿಮಾದವರ ಕಿವಿಗೆ ಬೀಳಲು ಇಪ್ಪತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ತೆರೆಯ ಮೇಲಿನ ನಾಯಕ ದವಡೆಗೊಂದು ಗುದ್ದು ಕೊಡುತ್ತಿದ್ದ, ಖಳ ಬೀಳುತ್ತಿದ್ದ, ನಾಯಕನ ಟೋಪಿ ಸಹ ಅಲುಗುತ್ತಿರಲಿಲ್ಲ.

ಇನ್ನು ಯಾವುದನ್ನು ಉತ್ತಮವೆನ್ನೋಣ? ಏಟುಗಳನ್ನು ಲೆಕ್ಕಹಾಕಿ ಆಗುವ ಕೆಲಸವಲ್ಲ. ನಾವು ಮೂರು ಒರೆಗಲ್ಲುಗಳನ್ನು ಇಟ್ಟುಕೊಂಡಿದ್ದೇವೆ. ಕಾಳಗವು ಕಷ್ಟವೆಂದು ತೋರಿತೆ ಎಂಬುದು ಮೊದಲನೆಯದು. ನಡೆದ ಸ್ಥಳವೂ ಅದರಲ್ಲಿ ಪಾಲುಗೊಂಡಿತೆ, ಅಥವಾ ಬೇರೆಲ್ಲಿಟ್ಟರೂ ನಡೆಯಬಹುದಾದ ಕಸರತ್ತೆ ಎಂಬುದು ಎರಡನೆಯದು. ಮೂರನೆಯದೇ ಮುಖ್ಯ: ಕಾಳಗ ಮುಗಿದ ಮೇಲೆ ಬದುಕುಳಿದವನು ಮೊದಲಿನ ಮನುಷ್ಯನಾಗಿಯೇ ಉಳಿದನೆ? ಈ ಮೂರರ ಮೇಲೆ ಉಜ್ಜಿ ನೋಡಿದಾಗ ನಮಗೆ ನಿಂತವು ಐದು. ಐದನೆಯದರಿಂದ ತೊಡಗಿ ಮೊದಲನೆಯದಕ್ಕೆ ಬರುವುದು ಅನುಕೂಲ.

ಐದನೆಯ ಸ್ಥಾನ 2017ರ ‘ಅಟಾಮಿಕ್ ಬ್ಲಾಂಡ್’ ಚಿತ್ರಕ್ಕೆ. ನಿರ್ದೇಶಕ ಡೇವಿಡ್ ಲೀಚ್ ಮೊದಲು ತಾನೇ ಸಾಹಸದೃಶ್ಯಗಳಲ್ಲಿ ಬಿದ್ದು ಎದ್ದು ಪಳಗಿದವನು. ಕಥೆ ನಡೆಯುವುದು 1989ರ ನವೆಂಬರಿನಲ್ಲಿ, ಬರ್ಲಿನ್ ಗೋಡೆ ಉರುಳುವ ದಿನಗಳಲ್ಲಿ. ಚಾರ್ಲೀಜ್ ಥೆರಾನ್ ಅಭಿನಯಿಸಿದ ಬ್ರಿಟಿಷ್ ಗೂಢಚಾರಿಣಿ, ಪೂರ್ವ ಜರ್ಮನಿಯಿಂದ ತಪ್ಪಿಸಿಕೊಳ್ಳಬೇಕಾದ ಒಬ್ಬನನ್ನು ಕಾಪಾಡಲು ಹಳೆಯ ಕಟ್ಟಡವೊಂದರ ಮೆಟ್ಟಿಲ ಮೇಲೆ ಹಲವರೊಡನೆ ಸೆಣಸುತ್ತಾಳೆ. ಕೆಲವೇ ನಿಮಿಷಗಳ ಈ ಕಾಳಗ ಎಲ್ಲಿಯೂ ಕತ್ತರಿಯಾಡದೆ ಒಂದೇ ಉಸಿರಿನಲ್ಲಿ ಚಿತ್ರಿಸಿದಂತೆ ಕಾಣುತ್ತದೆ. ನಿಜವಾಗಿ ಅದು ಹಲವು ತುಣುಕುಗಳನ್ನು ಜಾಣತನದಿಂದ ಬೆಸೆದದ್ದು. ಆದರೆ ಇದರ ಗುಣವಿರುವುದು ಬೆಸುಗೆಯಲ್ಲಲ್ಲ, ಆಯಾಸದಲ್ಲಿ. ಮೊದಲ ಏಟುಗಳಲ್ಲಿದ್ದ ಚುರುಕು ಮೆಲ್ಲಮೆಲ್ಲನೆ ಇಳಿಯುತ್ತದೆ. ಇಬ್ಬರೂ ಗೋಡೆಗೊರಗಿ ಏದುಸಿರು ಬಿಡುತ್ತಾರೆ. ಎದ್ದು ನಿಲ್ಲಲಾರದೆ ತೂರಾಡುತ್ತಾರೆ. ಕೈಯೆತ್ತುವುದೇ ಒಂದು ಸಾಹಸವಾಗುತ್ತದೆ. ಕುಸ್ತಿಯ ಕಣದ ಪಕ್ಕದಲ್ಲಿ ಕೂತು ನೋಡಿದವರಿಗೆ ಇದರ ನಿಜ ತಟ್ಟನೆ ತಿಳಿಯುತ್ತದೆ. ಅಭ್ಯಾಸದ ತಿಂಗಳುಗಳಲ್ಲಿ ಹಲ್ಲು ಕಚ್ಚಿ ಕಚ್ಚಿ ನಟಿಯ ಹಲ್ಲುಗಳೇ ಬಿರುಕುಬಿಟ್ಟವಂತೆ. ಆದರೂ ಇದನ್ನು ಐದನೆಯದಾಗಿಯೇ ಇಟ್ಟಿದ್ದೇವೆ. ಮೈಗೆ ಬಿದ್ದ ಬೆಲೆಯನ್ನು ಚಿತ್ರ ಬಿಡದೆ ತೋರಿಸುತ್ತದೆ. ಮನಸ್ಸಿಗೆ ಬಿದ್ದುದನ್ನು ಕೇಳುವ ಗೋಜಿಗೆ ಹೋಗುವುದಿಲ್ಲ.

ನಾಲ್ಕನೆಯದು 2007ರ ‘ದಿ ಬೋರ್ನ್ ಅಲ್ಟಿಮೇಟಮ್’. ತನ್ನ ಹೆಸರನ್ನೇ ಮರೆತ ಕೊಲೆಗಾರ ಗೂಢಚಾರ ಜೇಸನ್ ಬೋರ್ನನ ಕಥೆಯಲ್ಲಿ ಇದು ಮೂರನೆಯ ಚಿತ್ರ. ನಟ ಮ್ಯಾಟ್ ಡೇಮನ್, ನಿರ್ದೇಶಕ ಪಾಲ್ ಗ್ರೀನ್‌ಗ್ರಾಸ್. 2002ರ ಮೊದಲ ಚಿತ್ರದಲ್ಲಿಯೇ, ಪ್ಯಾರಿಸ್ಸಿನ ಮನೆಯೊಂದರಲ್ಲಿ, ಚೂರಿ ಹಿಡಿದು ಬಂದವನನ್ನು ಬೋರ್ನ್ ಬರೆಯುವ ಪೆನ್ನಿನಿಂದ ಎದುರಿಸಿದ್ದ. 2004ರ ಎರಡನೆಯದರಲ್ಲಿ ಸುರುಳಿ ಸುತ್ತಿದ ಮಾಸಪತ್ರಿಕೆಯೇ ಆಯುಧ. ಫೇರ್‌ಬೇರ್ನನ ಶಿಷ್ಯರು ಮೆಚ್ಚಬಹುದಾದ ಈ ವರಸೆಗಳನ್ನು ಹೆಚ್ಚಾಗಿ ಫಿಲಿಪೈನ್ಸಿನ ಕಾಲಿ ಎಂಬ ಯುದ್ಧವಿದ್ಯೆಯಿಂದ ತಂದರು. ಮೂರನೆಯ ಚಿತ್ರದಲ್ಲಿ ಮೊರಾಕೊದ ಟ್ಯಾಂಜಿಯರ್ ಪಟ್ಟಣದ ತಾರಸಿಯಿಂದ ತಾರಸಿಗೆ ಓಡಿದ ಬೋರ್ನ್ ಕಿಟಕಿಯ ಮೂಲಕ ಎದುರುಮನೆಯೊಳಕ್ಕೆ ಹಾರುತ್ತಾನೆ. ಅವನ ಬೆನ್ನಹಿಂದೆಯೇ ಕ್ಯಾಮರಾ ಹಿಡಿದವನೂ ಹಾರುತ್ತಾನೆ. ಅಲ್ಲಿಯವರೆಗೆ ಮೊಳಗುತ್ತಿದ್ದ ವಾದ್ಯಗಳು ತಟ್ಟನೆ ನಿಲ್ಲುತ್ತವೆ. ಉಳಿಯುವುದು ಉಸಿರಿನ ಸದ್ದು, ಪಿಂಗಾಣಿ ಒಡೆಯುವ ಸದ್ದು, ಗೋಡೆಗೆ ಮೈ ಅಪ್ಪಳಿಸುವ ಸದ್ದು. ಕೈಗೆ ಸಿಕ್ಕ ಪುಸ್ತಕವೊಂದೂ ಕಾಳಗಕ್ಕಿಳಿಯುತ್ತದೆ. ಕೊನೆಗೆ ಇಕ್ಕಟ್ಟಾದ ಬಚ್ಚಲಮನೆಯಲ್ಲಿ ಟವಲಿನಿಂದ ಎದುರಾಳಿಯ ಕೊರಳು ಬಿಗಿಯುತ್ತದೆ.

ಈ ಚಿತ್ರದ ಸಂಕಲನಕ್ಕೆ ಕ್ರಿಸ್ಟೊಫರ್ ರೌಸ್ ಆಸ್ಕರ್ ಪಾರಿತೋಷಕ ಪಡೆದ. ದೃಶ್ಯಗಳನ್ನು ಅಷ್ಟು ಸಣ್ಣಗೆ ಕತ್ತರಿಸಿ, ಕ್ಯಾಮರಾವನ್ನು ಅಷ್ಟು ಅಲುಗಿಸಿದರೆ ಯಾರ ಕೈ ಯಾರ ಮೇಲೆ ಬಿತ್ತೆಂದು ತಿಳಿಯುವುದಾದರೂ ಹೇಗೆಂದು ಗೊಣಗಿದವರೂ ಇದ್ದಾರೆ. ಆ ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ. ಈ ಚಿತ್ರವನ್ನು ಅನುಕರಿಸಿದ ಎಷ್ಟೋ ಮಂದಿ ಅಲುಗಾಟವನ್ನು ಮಾತ್ರ ಕಲಿತರು. ಆದರೆ ಇಲ್ಲಿ ಮುಖ್ಯವಾದುದು ಮುಂದಿನ ಸನ್ನಿವೇಶ. ಕೈಯ ರಕ್ತವನ್ನು ತೊಳೆಯುತ್ತ ಬೋರ್ನ್ ಸಂಗಡಿದ್ದ ಹೆಣ್ಣಿಗೆ ಹೇಳಿಕೊಳ್ಳುತ್ತಾನೆ: ತಾನು ಕೊಂದವರ ಮುಖಗಳೆಲ್ಲ ಕಣ್ಣಮುಂದೆ ಬರುತ್ತವೆ, ಹೆಸರುಗಳು ಮಾತ್ರ ಗೊತ್ತಿಲ್ಲ ಎಂದು. ಹೊಡೆದಾಟದ ಚಿತ್ರದಲ್ಲಿ ಇಂಥ ಮಾತಿಗೆ ಎಡೆ ಸಿಗುವುದು ಅಪರೂಪ.

ಮೂರನೆಯದು ಅದಕ್ಕಿಂತ ಒಂದು ವರ್ಷ ಮೊದಲು, 2006ರಲ್ಲಿ ಬಂದ ‘ಕ್ಯಾಸಿನೊ ರಾಯಲ್’. ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ಡೇನಿಯಲ್ ಕ್ರೇಗ್ ಮೊದಲ ಬಾರಿಗೆ ಜೇಮ್ಸ್ ಬಾಂಡ್ ಆದ. ಆರಂಭದಲ್ಲಿಯೇ, ಕಪ್ಪುಬಿಳುಪಿನಲ್ಲಿ, ಸಾರ್ವಜನಿಕ ಶೌಚಾಲಯವೊಂದರ ಬಿಳಿಯ ಗೋಡೆಗಳ ನಡುವೆ ಬಾಂಡ್ ತನ್ನ ಮೊದಲ ಕೊಲೆಯನ್ನು ಮಾಡುತ್ತಾನೆ. ಬಾಗಿಲುಗಳು ಮುರಿಯುತ್ತವೆ, ನೀರು ಚಿಮ್ಮುತ್ತದೆ. ತುಂಬಿದ ತೊಟ್ಟಿಯಲ್ಲಿ ಎದುರಾಳಿಯ ತಲೆ ಮುಳುಗಿಸಿ ಹಿಡಿದಾಗ ಬಾಂಡನ ಮುಖದಲ್ಲಿ ಕಾಣುವುದು ಶೌರ್ಯವಲ್ಲ, ಗಾಬರಿ. ಎರಡನೆಯ ಕೊಲೆ ಸುಲಭವೆಂಬ ಮಾತನ್ನು ಮತ್ತೊಬ್ಬನು ಆಡತೊಡಗುತ್ತಾನೆ. ಮಾತು ಮುಗಿಯುವ ಮೊದಲೇ ಗುಂಡು ಹಾರಿ, ಅವನೇ ಎರಡನೆಯವನಾಗುತ್ತಾನೆ. ಸುಲಭವೇ ಆಯಿತೆಂದು ಬಾಂಡ್ ಒಪ್ಪಿಕೊಳ್ಳುತ್ತಾನೆ. ಸುಲಭವಾಗಿದೆಯೆಂಬುದೇ ಭಯಾನಕ.

ಆದರೆ ನಾವು ಆರಿಸಿಕೊಂಡದ್ದು ಇನ್ನೂ ಮುಂದಿನ ಕಾಳಗವನ್ನು. ಮಾಂಟೆನೆಗ್ರೊದ ಹೋಟೆಲಿನಲ್ಲಿ ಇಸ್ಪೀಟಿನ ಪಣ ನಡೆದಿದೆ. ಬಿಡುವಿನ ವೇಳೆಯಲ್ಲಿ ಬಾಂಡನೂ, ಸರ್ಕಾರದ ಖಜಾನೆಯಿಂದ ಅವನ ಲೆಕ್ಕ ನೋಡಲು ಬಂದ ವೆಸ್ಪರ್ ಎಂಬ ತರುಣಿಯೂ ಮೆಟ್ಟಿಲ ಬಳಿ ಕೊಲೆಗಡುಕರಿಗೆ ಎದುರಾಗುತ್ತಾರೆ. ಅವರಲ್ಲೊಬ್ಬನ ಕೈಯಲ್ಲಿ ಮಚ್ಚು. ಅಂಕುಡೊಂಕಾದ ಮೆಟ್ಟಿಲಿನಲ್ಲಿ ಉರುಳುತ್ತ ಉರುಳುತ್ತ ಮೂವರೂ ತಳ ಮುಟ್ಟುತ್ತಾರೆ. ಬಾಂಡ್ ಎದುರಾಳಿಯ ಕೊರಳನ್ನು ತೋಳಿನಲ್ಲಿ ಅಮುಕಿ ಹಿಡಿದಿದ್ದಾನೆ. ಸಾಯುತ್ತಿರುವವನ ಕೈ ಪಿಸ್ತೂಲಿನ ಮೇಲಿದೆ. ಆ ಕೈಯನ್ನು ಪಿಸ್ತೂಲಿನಿಂದ ಬಿಡಿಸುವವಳು ವೆಸ್ಪರ್. ಅನಂತರ ಬಾಂಡ್ ತನ್ನ ಕೋಣೆಗೆ ಹೋಗಿ, ಕನ್ನಡಿಯ ಮುಂದೆ ಗಾಯ ತೊಳೆದು, ಒಂದು ಗುಟುಕು ವಿಸ್ಕಿ ಕುಡಿದು, ಹೊಸ ಅಂಗಿ ತೊಟ್ಟು ಇಸ್ಪೀಟಿನ ಮೇಜಿಗೆ ಮರಳುತ್ತಾನೆ. ವಲಲನು ಅಡಿಗೆಮನೆಗೆ ಮರಳಿದಂತೆಯೇ. ಆಟ ಮುಗಿಸಿ ಬಂದು ನೋಡಿದರೆ ವೆಸ್ಪರ್ ಉಟ್ಟ ಬಟ್ಟೆಯಲ್ಲಿಯೇ ಸುರಿಯುವ ನೀರಿನ ಕೆಳಗೆ ಮುದುಡಿ ಕುಳಿತಿದ್ದಾಳೆ. ಕೈಗಂಟಿದ ರಕ್ತ ಹೋಗುತ್ತಿಲ್ಲವೆಂಬುದು ಅವಳ ಸಂಕಟ. ಬಾಂಡ್ ತಾನೂ ಬಟ್ಟೆ ತೊಟ್ಟಂತೆಯೇ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಕೊಲ್ಲುವುದು ಕಸುಬಾದವನಿಗೆ ತಗಲದ ಆಘಾತ ಕಸುಬಲ್ಲದವಳಿಗೆ ತಗಲಿದೆ. ಅವಳ ಮೂಲಕ ಅದು ಅವನಿಗೂ ಮುಟ್ಟುತ್ತದೆ. ಮೂರನೆಯ ಒರೆಗಲ್ಲಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬಾಂಡ್ ಚಿತ್ರಗಳಲ್ಲಿ ಮತ್ತೊಂದಿಲ್ಲ.

ಇಲ್ಲಿಂದ ಮುಂದಿನ ಸ್ಥಾನಕ್ಕೆ ಹೋಗಬೇಕಾದರೆ ನಲವತ್ತು ವರ್ಷಕ್ಕೂ ಹೆಚ್ಚು ಹಿಂದಕ್ಕೆ ನಡೆಯಬೇಕು. ನಡುವಿನ ಕಾಲದಲ್ಲಿ ಕಾಳಗಗಳೇ ಇರಲಿಲ್ಲವೆಂದಲ್ಲ, ಬೇಕಾದಷ್ಟಿದ್ದವು. ಅವುಗಳ ಸತ್ವ ಹೇಗೆ ಸೋರಿಹೋಯಿತೆಂಬುದನ್ನು ರೈಲಿನಲ್ಲಿ ಕುಳಿತೇ ನೋಡಬಹುದು. 1973ರ ‘ಲಿವ್ ಅಂಡ್ ಲೆಟ್ ಡೈ’ ಚಿತ್ರದಲ್ಲಿ ರೋಜರ್ ಮೂರನ ಬಾಂಡ್ ರೈಲಿನ ಕೋಣೆಯಲ್ಲಿ ಉಕ್ಕಿನ ಕೈಯುಳ್ಳವನೊಡನೆ ಹೊಡೆದಾಡುತ್ತಾನೆ. ಆ ಕೈಯ ತಂತಿಯನ್ನು ಕತ್ತರಿಸಿ, ಅವನನ್ನು ಕಿಟಕಿಯಿಂದಾಚೆಗೆ ತಳ್ಳಿ, ಒಂದು ಚಟಾಕಿ ಹಾರಿಸುತ್ತಾನೆ. 1977ರ ‘ದಿ ಸ್ಪೈ ಹೂ ಲವ್ಡ್ ಮಿ’ ಚಿತ್ರದಲ್ಲಿ ಮತ್ತೆ ರೈಲು; ಈ ಸಲ ಎದುರಾಳಿಗೆ ಉಕ್ಕಿನ ಹಲ್ಲು. ಅವನೂ ಕಿಟಕಿಯಿಂದಾಚೆಗೆ ಬೀಳುತ್ತಾನೆ, ಬಿದ್ದವನು ಎದ್ದು ಕೋಟಿನ ಧೂಳು ಕೊಡವಿಕೊಳ್ಳುತ್ತಾನೆ. ಪ್ರೇಕ್ಷಕರು ನಗುತ್ತಾರೆ. ನಗಬಾರದೆಂದು ಹೇಳುವಷ್ಟು ನಾವು ಒಣಜನರಲ್ಲ. ಆದರೆ ಬಿದ್ದವನಿಗೆ ನೋವಿಲ್ಲವೆಂದಾದ ಮೇಲೆ ಹೊಡೆದವನಿಗೆ ಹೆಮ್ಮೆ ಏತರದು? ಇದರ ಬೀಜ ಇನ್ನೂ ಮೊದಲೇ, 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಬಿದ್ದಿತ್ತು. ಅದರ ಆರಂಭದಲ್ಲಿ ಬಾಂಡ್ ಒಬ್ಬನನ್ನು ಸ್ನಾನದ ತೊಟ್ಟಿಗೆ ಕೆಡವಿ, ವಿದ್ಯುತ್ತು ಹರಿಸಿ ಕೊಂದು, ಆ ಸಾವಿನ ಮೇಲೆಯೇ ಶ್ಲೇಷೆಯಾಡಿ ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಅದೇ ಚಿತ್ರದಲ್ಲಿ 1948ರ ಲಂಡನ್ ಒಲಿಂಪಿಕ್ಸಿನ ಭಾರ ಎತ್ತುವ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಗೆದ್ದಿದ್ದ ಹೆರಾಲ್ಡ್ ಸಕಾಟ ಮೂಕದೈತ್ಯನಂತೆ ಬಾಂಡನನ್ನು ಎತ್ತಿ ಎಸೆಯುವ ಕಾಳಗ ಸೊಗಸಾದುದೇ. ಆದರೂ ಶ್ಲೇಷೆಯ ರುಚಿ ಹತ್ತಿದ ಮೇಲೆ ಸಾವಿನ ತೂಕ ಇಳಿಯುತ್ತಲೇ ಹೋಯಿತು.

ಬಾಂಡನ ಗಾಳಿ ನಮ್ಮಲ್ಲಿಗೂ ಬೀಸದೆ ಇರಲಿಲ್ಲ. ದೊರೆ-ಭಗವಾನ್ ಜೋಡಿ 1968ರಲ್ಲಿ ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿ ಮಾಡಿ ‘ಜೇಡರ ಬಲೆ’ ತೆಗೆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಪುರಾಣ, ಇತಿಹಾಸಗಳ ಕಿರೀಟ ತೊಟ್ಟು ನೋಡುಗರಿಗೆ ಪರಿಚಿತರಾಗಿದ್ದ ನಟರು ಕೋಟು ತೊಟ್ಟು, ಪಿಸ್ತೂಲು ಹಿಡಿದು ನಿಂತಾಗ ಕನ್ನಡದ ಪ್ರೇಕ್ಷಕರು ಹಿಗ್ಗಿದರು. ಆ ಚಿತ್ರಗಳ ಉದ್ದೇಶ ವಿನೋದ; ಅವನ್ನು ಈ ಒರೆಗಲ್ಲಿಗೆ ಹಚ್ಚುವುದು ನ್ಯಾಯವಲ್ಲ.

ಇನ್ನು ಎರಡನೆಯ ಸ್ಥಾನ. ಎಲ್ಲರ ಪಟ್ಟಿಯಲ್ಲಿಯೂ ಸಾಮಾನ್ಯವಾಗಿ ಮೊದಲನೆಯದಾಗಿ ನಿಲ್ಲುವ 1963ರ ‘ಫ್ರಂ ರಷ್ಯ ವಿತ್ ಲವ್’ ಚಿತ್ರವನ್ನು ನಾವು ಇಲ್ಲಿ ಕೂರಿಸಿದ್ದೇವೆ. ಇಯಾನ್ ಫ್ಲೆಮಿಂಗನ 1957ರ ಕಾದಂಬರಿಯನ್ನು ಟೆರೆನ್ಸ್ ಯಂಗ್ ತೆರೆಗೆ ತಂದ. ಇಸ್ತಾಂಬುಲಿನಿಂದ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಸೀನ್ ಕಾನರಿಯ ಬಾಂಡನಿಗೆ ಸ್ವಂತ ದೇಶದ ಗೂಢಚಾರನೆಂದು ಸುಳ್ಳು ಹೇಳಿಕೊಂಡು ಒಬ್ಬನು ಜೊತೆಯಾಗುತ್ತಾನೆ. ಅವನು ಗ್ರಾಂಟ್, ಆ ಪಾತ್ರ ರಾಬರ್ಟ್ ಶಾನದು. ಊಟದ ಡಬ್ಬಿಯಲ್ಲಿ ಮೀನಿನ ಜೊತೆಗೆ ಕೆಂಪು ದ್ರಾಕ್ಷಾರಸ ತರಿಸಿಕೊಂಡಾಗಲೇ ಇವನು ಹೇಳಿಕೊಳ್ಳುವಂಥ ದೊಡ್ಡಮನುಷ್ಯನಲ್ಲವೆಂಬ ಸುಳಿವು ಸಿಗುತ್ತದೆ; ಬಾಂಡ್ ಅದನ್ನು ಹಿಡಿಯುವಷ್ಟರಲ್ಲಿ ತಡವಾಗಿರುತ್ತದೆ. ಮುಂದಿನ ನಿಮಿಷಗಳು ಮಾತಿನವು. ಗ್ರಾಂಟನ ಕೈಯಲ್ಲಿ ಪಿಸ್ತೂಲು, ಬಾಂಡ್ ಮೊಣಕಾಲೂರಿ ಕುಳಿತಿದ್ದಾನೆ. ಪೆಟ್ಟಿಗೆಯಲ್ಲಿ ಚಿನ್ನದ ಸವರನ್ನುಗಳಿವೆಯೆಂಬ ಆಸೆ ತೋರಿಸಿ ಬಾಂಡ್ ಅವನನ್ನು ಸೆಳೆಯುತ್ತಾನೆ. ಪೆಟ್ಟಿಗೆ ತೆರೆಯುತ್ತಲೂ ಕಣ್ಣೀರು ಬರಿಸುವ ಹೊಗೆ ಚಿಮ್ಮುತ್ತದೆ.

ಮುಂದಿನದು ಇಕ್ಕಟ್ಟಿನ ಕಾಳಗ. ದೀಪ ಒಡೆದು, ನೀಲಿಯ ಮಂಕು ಬೆಳಕೊಂದೇ ಉಳಿದಿದೆ. ಕೈ ಬೀಸಲು ಜಾಗವಿಲ್ಲ. ಬೀಸಿದರೆ ಗೋಡೆಗೆ ತಗಲುತ್ತದೆ. ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಬಾಗಿಲು ಮುರಿದು ಉರುಳುತ್ತಾರೆ. ವಾದ್ಯವಿಲ್ಲ, ಹಳಿಗಳ ಮೇಲೆ ಗಾಲಿಗಳ ಗಡಗಡ ಮಾತ್ರ. ಈ ಕೆಲವೇ ನಿಮಿಷಗಳನ್ನು ಚಿತ್ರಿಸಲು ಸುಮಾರು ಮೂರು ವಾರ ಹಿಡಿಯಿತೆಂದು ಹೇಳುತ್ತಾರೆ. ಹೆಚ್ಚಿನ ಭಾಗದಲ್ಲಿ ಏಟು ತಿಂದವರು ನಟರೇ. ಸಾಹಸವನ್ನು ಹೊಂದಿಸಿದವನು ಪೀಟರ್ ಪರ್ಕಿನ್ಸ್, ಕತ್ತರಿ ಹಿಡಿದವನು ಪೀಟರ್ ಹಂಟ್. ಗ್ರಾಂಟನ ಕೈಗಡಿಯಾರದೊಳಗೆ ಅಡಗಿದ್ದ, ಬಾಂಡನ ಕೊರಳಿಗೆಂದು ಎಳೆದ ತಂತಿಯೇ ಕೊನೆಗೆ ಗ್ರಾಂಟನ ಕೊರಳನ್ನು ಬಿಗಿಯುತ್ತದೆ. ಕಷ್ಟವೆಂದು ತೋರಿತೆ? ತೋರಿತು. ಸ್ಥಳ ಪಾಲುಗೊಂಡಿತೆ? ಇದಕ್ಕಿಂತ ಚೆನ್ನಾಗಿ ಎಲ್ಲಿಯೂ ಪಾಲುಗೊಂಡಿಲ್ಲ. ಮುಂದೆ ಬಂದ ರೈಲುಗಳೆಲ್ಲ, 2015ರ ‘ಸ್ಪೆಕ್ಟರ್’ ಚಿತ್ರದ್ದೂ ಸೇರಿ, ಇದೇ ಹಳಿಯ ಮೇಲೆ ಓಡಿದವು. ಆದರೆ ಮೂರನೆಯ ಒರೆಗಲ್ಲು ಉಳಿಯಿತಲ್ಲ! ಕಾಳಗ ಮುಗಿದ ಮೇಲೆ ಬಾಂಡ್ ಕತ್ತಿನ ಟೈ ಸರಿಮಾಡಿಕೊಂಡು, ಸತ್ತವನನ್ನು ಕುರಿತು ಒಂದು ವ್ಯಂಗ್ಯದ ಮಾತಾಡಿ, ತನ್ನ ಹಣ ತಾನು ತೆಗೆದುಕೊಂಡು ಹೊರಡುತ್ತಾನೆ. ಕಾನರಿ ಅದನ್ನು ಎಷ್ಟು ಸೊಗಸಾಗಿ ಅಭಿನಯಿಸಿದ್ದಾನೆಂದರೆ ನೋಡುವ ನಮಗೂ ನಮ್ಮ ಟೈ ಸರಿಮಾಡಿಕೊಳ್ಳುವ ಮನಸ್ಸಾಗುತ್ತದೆ. ಎಡವಿದ್ದು ಅಲ್ಲಿಯೇ.

ಮೊದಲ ಸ್ಥಾನವನ್ನು ನಾವು ಕೊಡುವುದು, ಸಾಹಸಪ್ರಿಯರ ಪಟ್ಟಿಗಳಲ್ಲಿ ಬಹಳ ಸಲ ಕಾಣಿಸಿಕೊಳ್ಳದ, ಬಂದ ಕಾಲದಲ್ಲಿ ವಿಮರ್ಶಕರು ಅಷ್ಟಾಗಿ ಮೆಚ್ಚದ ಚಿತ್ರಕ್ಕೆ: ಆಲ್ಫ್ರೆಡ್ ಹಿಚ್‌ಕಾಕನ 1966ರ ‘ಟೋರ್ನ್ ಕರ್ಟನ್’. ಪಾಲ್ ನ್ಯೂಮನ್ ಇದರಲ್ಲಿ ಅಮೆರಿಕದ ಭೌತವಿಜ್ಞಾನಿ. ದೇಶ ಬಿಟ್ಟು ಬಂದವನಂತೆ ನಟಿಸಿ ಪೂರ್ವ ಜರ್ಮನಿಯ ವಿಜ್ಞಾನಿಯೊಬ್ಬನ ತಲೆಯೊಳಗಿನ ಗುಟ್ಟನ್ನು ತಿಳಿದುಕೊಳ್ಳುವುದು ಅವನ ಕೆಲಸ. ಅವನ ಮೇಲೆ ಕಣ್ಣಿಡಲು ಸರ್ಕಾರ ನೇಮಿಸಿದವನು ಗ್ರೋಮೆಕ್. ನಟ ವೋಲ್ಫ್‌ಗಾಂಗ್ ಕೀಲಿಂಗ್. ಈ ಗ್ರೋಮೆಕ್ ರಾಕ್ಷಸನಲ್ಲ. ಒಂದು ಕಾಲದಲ್ಲಿ ನ್ಯೂಯಾರ್ಕಿನಲ್ಲಿದ್ದವನು. ಅಲ್ಲಿನ ಬೀದಿಯನ್ನೂ ತಿಂಡಿಯನ್ನೂ ನೆನೆದುಕೊಂಡು ಹಳೆಯ ಅಮೆರಿಕನ್ ಆಡುಮಾತುಗಳನ್ನು ಉದುರಿಸುವವನು. ಹತ್ತಿಸಿದರೂ ಹತ್ತದ ಸಿಗರೇಟ್ ಲೈಟರೊಂದನ್ನು ಇಟ್ಟುಕೊಂಡವನು. ನಮ್ಮ ಬೀದಿಯಲ್ಲಿ ಸಿಕ್ಕಿದ್ದರೆ ನಿಂತು ಮಾತಾಡಿಸಬಹುದಾದ ಮನುಷ್ಯ.

ಗುಪ್ತಕೂಟದವರನ್ನು ಕಾಣಲು ವಿಜ್ಞಾನಿ ಹಳ್ಳಿಯ ಒಂಟಿಮನೆಗೆ ಹೋದಾಗ ಗ್ರೋಮೆಕ್ ಹಿಂಬಾಲಿಸಿ ಬಂದು ಎಲ್ಲವನ್ನೂ ಪತ್ತೆಮಾಡುತ್ತಾನೆ. ಅವನು ಮೇಲಿನವರಿಗೆ ತಿಳಿಸಿದರೆ ಎಲ್ಲರ ಪ್ರಾಣವೂ ಹೋದಂತೆಯೇ. ಹೊರಗೆ ಟ್ಯಾಕ್ಸಿಯ ಚಾಲಕ ಕಾದಿದ್ದಾನೆ. ಗುಂಡು ಹಾರಿಸಿದರೆ ಕೇಳಿಬಿಡುತ್ತದೆ. ಒಳಗಿರುವುದು ಕೊಲ್ಲುವ ಕಸುಬು ತಿಳಿಯದ ಇಬ್ಬರು: ಪಾಠ ಹೇಳಿ ಬದುಕುವ ವಿಜ್ಞಾನಿ, ಒಲೆಯ ಮುಂದಿನ ರೈತಗಿತ್ತಿ. ವಿಜ್ಞಾನಿ ಹಿಂದಿನಿಂದ ಅವನ ಕತ್ತು ಹಿಡಿಯುತ್ತಾನೆ. ಆಕೆ ಅಡಿಗೆಮನೆಯ ಚೂರಿ ತೆಗೆದು ಚುಚ್ಚುತ್ತಾಳೆ. ಅಲಗು ಮುರಿದು ಮೈಯಲ್ಲಿಯೇ ಉಳಿಯುತ್ತದೆ. ಅವನು ಸಾಯುವುದಿಲ್ಲ. ಸಲಿಕೆ ತೆಗೆದು ಮೊಣಕಾಲಿಗೆ ಹೊಡೆಯುತ್ತಾಳೆ. ಬೀಳುತ್ತಾನೆ, ಆದರೂ ಸಾಯುವುದಿಲ್ಲ. ಕೊನೆಗೆ ಇಬ್ಬರೂ ಸೇರಿ ಅವನನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ, ತಲೆಯನ್ನು ಗ್ಯಾಸಿನ ಒಲೆಯ ಗೂಡಿಗೆ ನೂಕಿ ಹಿಡಿಯುತ್ತಾರೆ. ಅವನ ಕೈಗಳು ವಿಜ್ಞಾನಿಯ ಕೊರಳನ್ನು ಬಿಟ್ಟಿಲ್ಲ. ಬೆರಳುಗಳು ಗಾಳಿಯಲ್ಲಿ ಪಟಪಟನೆ ಅದುರುತ್ತವೆ, ಮೆಲ್ಲಗಾಗುತ್ತವೆ, ನಿಲ್ಲುತ್ತವೆ.

ಇಡೀ ದೃಶ್ಯದಲ್ಲಿ ಸಂಗೀತವಿಲ್ಲ. ಹಿಚ್‌ಕಾಕನ ಹಲವು ಚಿತ್ರಗಳಿಗೆ ಸಂಗೀತ ಕೊಟ್ಟ ಬರ್ನಾರ್ಡ್ ಹೆರ್ಮನ್ ಈ ಕೊಲೆಗೂ ರಚಿಸಿದ್ದ. ಹಿಚ್‌ಕಾಕ್ ಅವನ ಕೃತಿಯನ್ನೇ ತಳ್ಳಿಹಾಕಿದ, ಇಬ್ಬರ ಬಹುಕಾಲದ ಸಖ್ಯವೂ ಅಲ್ಲಿಗೆ ಮುಗಿಯಿತು. ಫ್ರಾನ್ಸಿನ ನಿರ್ದೇಶಕ ಟ್ರೂಫೊ ನಡೆಸಿದ ಪ್ರಸಿದ್ಧ ಸಂದರ್ಶನದಲ್ಲಿ ಹಿಚ್‌ಕಾಕ್ ತನ್ನ ಉದ್ದೇಶವನ್ನು ಬಿಡಿಸಿ ಹೇಳಿದ್ದಾನೆ. ತೆರೆಯ ಮೇಲೆ ಕೊಲೆಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿದುಹೋಗುತ್ತವೆ. ಒಬ್ಬ ಮನುಷ್ಯನನ್ನು ಕೊಲ್ಲುವುದು ನಿಜವಾಗಿ ಎಷ್ಟು ಕಷ್ಟ, ಎಷ್ಟು ಯಾತನೆ, ಎಷ್ಟು ಹೊತ್ತಿನ ಕೆಲಸ ಎಂಬುದನ್ನು ತೋರಿಸಬೇಕೆಂದಿದ್ದೆ, ಎಂಬುದು ಅವನ ಮಾತಿನ ಅರ್ಥ. ಇಂಗ್ಲಿಷ್ ಗೂಢಚಾರರ ಜಾಣ ಸಾವುಗಳು ಜಗತ್ತನ್ನೆಲ್ಲ ರಂಜಿಸುತ್ತಿದ್ದ ವರ್ಷಗಳಲ್ಲಿ ಹೀಗೆ ಹೇಳಲು ಧೈರ್ಯ ಬೇಕು. ಅದೂ ಜರ್ಮನಿಯ ನೆಲದಲ್ಲಿ, ಅನಿಲದಿಂದ ಒಬ್ಬನು ಸಾಯುವುದನ್ನು ನೋಡುವಾಗ, ಲಕ್ಷಗಟ್ಟಲೆ ಜನ ಅದೇ ಬಗೆಯಲ್ಲಿ ಸತ್ತು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲವೆಂಬುದು ಯಾರ ನೆನಪಿಗೂ ಬರದಿರದು. ಕೊಲೆ ಮುಗಿದಾಗ ನ್ಯೂಮನ್ನನ ಮುಖದಲ್ಲಿ ಗೆಲುವಿಲ್ಲ. ತನ್ನ ಕೈಗಳನ್ನೇ ಅಪರಿಚಿತರ ಕೈಗಳಂತೆ ನೋಡಿಕೊಳ್ಳುತ್ತಾನೆ. ಅವನಿಗೆ ಸರಿಮಾಡಿಕೊಳ್ಳಲು ಟೈ ಇಲ್ಲ, ಹಾರಿಸಲು ಚಟಾಕಿಯಿಲ್ಲ.

ಈ ಚಿತ್ರಕ್ಕೆ ಸೇರಿದ, ಆದರೆ ನಾವು ತೆರೆಯ ಮೇಲೆ ಕಾಣದ, ಇನ್ನೊಂದು ಸನ್ನಿವೇಶವಿದೆ. ಹಿಚ್‌ಕಾಕ್ ಚಿತ್ರಿಸಿ, ಚಿತ್ರ ಉದ್ದವಾಯಿತೆಂದು ತೆಗೆದುಹಾಕಿದ್ದು. ಕೊಲೆಯ ತರುವಾಯ ವಿಜ್ಞಾನಿ ಒಂದು ಕಾರ್ಖಾನೆಯಲ್ಲಿ ಸತ್ತವನ ಅಣ್ಣನಿಗೆ ಎದುರಾಗುತ್ತಾನೆ. ಆ ಪಾತ್ರಕ್ಕೂ ಕೀಲಿಂಗನೇ ಬಣ್ಣ ಹಚ್ಚಿದ್ದ. ತಮ್ಮ ಸತ್ತುದು ತಿಳಿಯದ ಆ ಮನುಷ್ಯ ಅದೇ ಬಗೆಯ ಚೂರಿಯ ಪಕ್ಕದಲ್ಲಿ ನಿಂತು, ಜೇಬಿನಿಂದ ತಮ್ಮನ ಮಕ್ಕಳ ಭಾವಚಿತ್ರ ತೆಗೆದು ಹೆಮ್ಮೆಯಿಂದ ತೋರಿಸುತ್ತಾನೆ.

ಕೀಚಕನ ಕಥೆಯೂ ನಾಟ್ಯಶಾಲೆಯಲ್ಲಿ ಮುಗಿಯುವುದಿಲ್ಲ. ಅವನ ತಮ್ಮಂದಿರಾದ ಉಪಕೀಚಕರು ಬರುತ್ತಾರೆ, ಮಾಂಸದ ಮುದ್ದೆಯಾಗಿ ಬಿದ್ದ ಅಣ್ಣನನ್ನು ಸುತ್ತುಗಟ್ಟಿ ಅಳುತ್ತಾರೆ, ಆ ಅಳುವಿನಿಂದಲೇ ಹುಟ್ಟಿದ ರೋಷದಲ್ಲಿ ಸೈರಂಧ್ರಿಯನ್ನು ಹೆಣದ ಜೊತೆ ಸುಡಲು ಎಳೆದೊಯ್ಯುತ್ತಾರೆ. ಭೀಮನು ಅವರನ್ನೂ ಕೊಂದುದು ನಿಜ. ಕೀಚಕನು ಸಾವಿಗೆ ಅರ್ಹನಾಗಿದ್ದನೆಂಬುದೂ ನಿಜ. ಆದರೂ ಸತ್ತವನಿಗೆ ಅಳುವವರಿದ್ದರೆಂಬುದನ್ನು ಭಾರತ ಮರೆಮಾಡಲಿಲ್ಲ. ಕಥೆ ಉದ್ದವಾಯಿತೆಂದು ಆ ಭಾಗವನ್ನು ತೆಗೆದುಹಾಕಲೂ ಇಲ್ಲ.

ವಾಚಕರ ಪಟ್ಟಿ ಬೇರೆಯಾಗಿರಬಹುದು. ರೈಲಿನ ಕಾಳಗವನ್ನು ಮೇಲಿನ ಮಣೆಯಿಂದ ಇಳಿಸಿದ್ದಕ್ಕೆ ಕೆಲವರಿಗೆ ನಮ್ಮ ಮೇಲೆ ಸಿಟ್ಟೂ ಬರಬಹುದು. ಅದನ್ನು ಸಂತೋಷದಿಂದಲೇ ಸಹಿಸುತ್ತೇವೆ. ಅವರಲ್ಲಿ ನಮ್ಮದೊಂದೇ ವಿಜ್ಞಾಪನೆ. ಇನ್ನೊಮ್ಮೆ ಇಂಥ ಚಿತ್ರ ನೋಡುವಾಗ ಗೆದ್ದವನು ಎದ್ದು ನಡೆದ ಮೇಲೂ ಒಂದು ಗಳಿಗೆ ಬಿದ್ದವನ ಕಡೆಗೆ ಕಣ್ಣಿಟ್ಟಿರಲಿ. ಕ್ಯಾಮರಾ ಅಲ್ಲಿ ನಿಲ್ಲುತ್ತದೆಯೆ, ಆತುರದಿಂದ ಬೇರೆ ಕಡೆಗೆ ತಿರುಗುತ್ತದೆಯೆ ಎಂಬುದನ್ನು ಗಮನಿಸಿದರೆ ಪಟ್ಟಿಯನ್ನು ಅವರೇ ಬರೆದುಕೊಳ್ಳಬಲ್ಲರು.